‘ಇಲ್ಲ’ ಅಂತ ಒತ್ತೋ ಮೊದಲು



ಇವತ್ತು ರಾಜಕೀಯ ಬೇಡ. ಕುರ್ಚಿ, ಬಣ, ದೆಹಲಿ ಪ್ರವಾಸ ಎಲ್ಲ ನಾಳೆನೂ ಇರುತ್ತೆ, ನಾಡಿದ್ದೂ ಇರುತ್ತೆ. ಆದರೆ ರಿಟರ್ನ್ಸ್ ಸಲ್ಲಿಸೋ ಕೊನೇ ದಿನ ಬಂದು ಹೋದರೆ ಮತ್ತೆ ಬರಲ್ಲ. ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸೋಕೆ 2025ರಲ್ಲಿ ಜುಲೈ 31ರ ಬದಲು ಸೆಪ್ಟೆಂಬರ್ 15ರವರೆಗೆ ಕಾಲಾವಕಾಶ ಕೊಟ್ಟಿದ್ದರು. ಇನ್ನೂ ಟೈಮ್ ಇದೆಯಲ್ಲ ಅಂತ ಕೂತವರು ನಮ್ಮಲ್ಲಿ ಕಡಿಮೆ ಇಲ್ಲ. ನಾನೂ ಅದೇ ಪೈಕಿ.

ವಿಷಯ ಶುರುವಾಗಿದ್ದು ನನ್ನ ಅಕ್ಕನ ಮಗನ ಮೊಬೈಲ್‌ನಿಂದ. ಹುಡುಗ ಬೆಂಗಳೂರಿನ ಔಟರ್ ರಿಂಗ್ ರೋಡ್‌ನಲ್ಲಿರೋ ಒಂದು ಅಮೆರಿಕನ್ ಕಂಪನಿಯ ಕಚೇರಿಯಲ್ಲಿ ಎಂಜಿನಿಯರ್. 2020ರಲ್ಲಿ ಸೇರಿದ. ಸಂಬಳದ ಜೊತೆ ಕಂಪನಿ ಷೇರು ಕೊಡುತ್ತೆ. ಆರ್‌ಎಸ್‌ಯು ಅಂತಾರಲ್ಲ, ಅದು. 2024ರ ನವೆಂಬರ್‌ನಲ್ಲಿ ಅವನಿಗೊಂದು ಮೆಸೇಜ್ ಬಂತು. ನಿಮ್ಮ ಹೆಸರಲ್ಲಿ ವಿದೇಶದಲ್ಲಿ ಆಸ್ತಿ ಇರೋ ಮಾಹಿತಿ ನಮಗೆ ಬಂದಿದೆ, ನಿಮ್ಮ ರಿಟರ್ನ್ಸ್‌ನಲ್ಲಿ ಅದು ಕಾಣ್ತಿಲ್ಲ, ಡಿಸೆಂಬರ್ 31ರೊಳಗೆ ಸರಿಪಡಿಸಿಕೊಳ್ಳಿ ಅನ್ನೋ ಅರ್ಥದ್ದು. ಹುಡುಗ ಏನಂದುಕೊಂಡ ಹೇಳಿ? ಸೈಬರ್ ವಂಚನೆ! ತಪ್ಪು ಅವನದ್ದೂ ಅಲ್ಲ. ಡಿಜಿಟಲ್ ಅರೆಸ್ಟ್ ಬಗ್ಗೆ ಇದೇ ಸ್ಟುಡಿಯೋದಲ್ಲಿ ಕೂತು ಎಚ್ಚರಿಸಿದವನೇ ನಾನು. ‘ಮಾವ, ನೋಡು, ಎಷ್ಟು ನೀಟಾಗಿ ಮೋಸ ಮಾಡ್ತಾರೆ’ ಅಂತ ನನಗೇ ಫಾರ್ವರ್ಡ್ ಮಾಡಿದ್ದ. ನಮ್ಮ ಚಾನೆಲ್‌ಗೆ ಬರೋ ಲೆಕ್ಕಪರಿಶೋಧಕರೊಬ್ಬರಿಗೆ ತೋರಿಸಿದೆ. ಅವರು ನಗಲಿಲ್ಲ. ‘ಇದು ಅಸಲಿ. ಹುಡುಗನಿಗೆ ಲ್ಯಾಪ್‌ಟಾಪ್ ತಗೊಂಡು ಬರೋಕೆ ಹೇಳಿ’ ಅಂದ್ರು.

ಈಗ ಈ ಹುಡುಗ ತೆರಿಗೆಗಳ್ಳನಾ? ಅಲ್ಲ. ಷೇರು ಅವನ ಖಾತೆಗೆ ಬಿದ್ದ ದಿನವೇ ಅದರ ಪೂರ್ತಿ ಬೆಲೆಯನ್ನ ಸಂಬಳ ಅಂತ ಲೆಕ್ಕ ಹಾಕಿ ಕಂಪನಿ ತೆರಿಗೆ ಹಿಡಿದಿದೆ. ಫಾರಂ 16ರಲ್ಲಿ ಅಚ್ಚಾಗಿದೆ. ಅವನೇನು ಮಾಡ್ತಿದ್ದ ಅಂದ್ರೆ, ಪ್ರತಿ ವರ್ಷ ಒಂದು ಆ್ಯಪ್ ತೆರೆಯೋದು, ಫಾರಂ 16 ಅಪ್‌ಲೋಡ್ ಮಾಡೋದು, ಕೇಳಿದ್ದಕ್ಕೆಲ್ಲ ನೆಕ್ಸ್ಟ್, ನೆಕ್ಸ್ಟ್ ಒತ್ತೋದು. ಹತ್ತು ನಿಮಿಷದಲ್ಲಿ ರಿಟರ್ನ್ಸ್ ಮುಗೀತು. ಅದರ ಮಧ್ಯೆ ಎಲ್ಲೋ ಒಂದು ಪ್ರಶ್ನೆ ಬರುತ್ತೆ: ನಿಮಗೆ ಭಾರತದ ಹೊರಗೆ ಆಸ್ತಿ ಅಥವಾ ಬ್ಯಾಂಕ್ ಖಾತೆ ಇದೆಯಾ? ಹುಡುಗ ‘ಇಲ್ಲ’ ಅಂತ ಒತ್ತಿದ. ಸುಳ್ಳು ಹೇಳ್ಬೇಕು ಅಂತಲ್ಲ. ಅವನ ತಲೆಯಲ್ಲಿ ವಿದೇಶಿ ಆಸ್ತಿ ಅಂದ್ರೆ ದುಬೈನಲ್ಲಿ ಫ್ಲ್ಯಾಟು, ಸ್ವಿಸ್ ಬ್ಯಾಂಕಿನ ಲಾಕರು. ಕಂಪನಿ ಕೊಟ್ಟ ಷೇರು, ಅದನ್ನ ಇಟ್ಟುಕೊಂಡಿರೋ ಅಮೆರಿಕದ ಬ್ರೋಕರ್ ಖಾತೆ, ಅದರಲ್ಲಿ ಮಿಕ್ಕಿರೋ ಹದಿನೆಂಟು ಡಾಲರ್ — ಇದೂ ವಿದೇಶಿ ಆಸ್ತಿನಾ? ಹೌದು ಸ್ವಾಮಿ. ಇದೇ ವಿದೇಶಿ ಆಸ್ತಿ.

ಕಪ್ಪುಹಣದ ಕಾನೂನು ಬಂದಿದ್ದು 2015ರಲ್ಲಿ, ಅರುಣ್ ಜೇಟ್ಲಿ ಹಣಕಾಸು ಸಚಿವರಾಗಿದ್ದಾಗ. ಜುಲೈ 1ರಿಂದ ಜಾರಿ. ಆಗಿನ ಗಾಳಿ ನೆನಪಿದೆಯಲ್ಲ? ಸ್ವಿಸ್ ಬ್ಯಾಂಕು, ಪಟ್ಟಿ, ವಾಪಸ್ ತರ್ತೀವಿ ಅನ್ನೋ ಮಾತು. ಆ ಗಾಳಿಯಲ್ಲಿ ಹುಟ್ಟಿದ ಕಾನೂನು ಅದು. ವಿದೇಶಿ ಆಸ್ತಿಯನ್ನ ರಿಟರ್ನ್ಸ್‌ನಲ್ಲಿ ತೋರಿಸದಿದ್ದರೆ ದಂಡ 10 ಲಕ್ಷ. ಗಮನಿಸಿ, ತೆರಿಗೆ ಕದ್ದಿದ್ದಕ್ಕಲ್ಲ, ತೋರಿಸದೇ ಇದ್ದಿದ್ದಕ್ಕೆ. ಬೇಕಂತಲೇ ಮುಚ್ಚಿಟ್ಟಿದ್ದು ಸಾಬೀತಾದರೆ ಆರು ತಿಂಗಳಿಂದ ಏಳು ವರ್ಷ ಜೈಲು. ತಿಮಿಂಗಿಲ ಹಿಡಿಯೋಕೆ ಹೆಣೆದ ಬಲೆ. ಅದಕ್ಕೀಗ ಸಿಕ್ಕಿಕೊಳ್ತಿರೋದು ಮಾರತ್‌ಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿರೋ ಎಂಜಿನಿಯರು.

2023ರಲ್ಲಿ ಮುಂಬೈನ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಮುಂದೆ ಇಂಥದ್ದೇ ಕೇಸ್ ಹೋಗಿತ್ತು. ದುಡ್ಡಿನ ಮೂಲಕ್ಕೆ ವಿವರಣೆ ಇತ್ತು. ಆದರೂ ಆ ಕೋಷ್ಟಕದಲ್ಲಿ ತುಂಬಿಲ್ಲ ಅನ್ನೋ ಕಾರಣಕ್ಕೆ ದಂಡ ಎತ್ತಿಹಿಡಿದ್ರು. ಬೇರೆ ಕೆಲವು ಪೀಠಗಳು ಬೇರೆ ಪ್ರಕರಣಗಳಲ್ಲಿ ದಂಡ ರದ್ದು ಮಾಡಿದ್ದೂ ಇದೆ. ಅಂದ್ರೆ ಯಾವ ಪೀಠದ ಮುಂದೆ ನಿಮ್ಮ ಫೈಲ್ ಬೀಳುತ್ತೆ ಅನ್ನೋ ಅದೃಷ್ಟದ ಮೇಲೆ 10 ಲಕ್ಷ ನಿಂತಿದೆ.

ಒಂದು ಸಮಾಧಾನ ಇದೆ, ಅದನ್ನೂ ಹೇಳಿಬಿಡ್ತೀನಿ. 2024ರ ಬಜೆಟ್‌ನಲ್ಲಿ ತಿದ್ದುಪಡಿ ಆಯ್ತು. 2024ರ ಅಕ್ಟೋಬರ್ 1ರಿಂದ, ಮನೆ-ಜಮೀನು ಬಿಟ್ಟು ಬೇರೆ ವಿದೇಶಿ ಆಸ್ತಿಗಳ ಒಟ್ಟು ಮೌಲ್ಯ 20 ಲಕ್ಷ ದಾಟದಿದ್ದರೆ ಈ 10 ಲಕ್ಷದ ದಂಡ ಇಲ್ಲ. ಮೊದಲು ಈ ವಿನಾಯಿತಿ 5 ಲಕ್ಷದೊಳಗಿನ ಬ್ಯಾಂಕ್ ಖಾತೆಗೆ ಮಾತ್ರ ಇತ್ತು. ಆದರೆ ಇದನ್ನ ವಾಟ್ಸಾಪ್‌ನಲ್ಲಿ ಹೆಂಗೆ ಹರಡಿದ್ರು ಗೊತ್ತಾ? ‘20 ಲಕ್ಷದವರೆಗೆ ತೋರಿಸೋದೇ ಬೇಡ’ ಅಂತ. ತಪ್ಪು, ಶುದ್ಧ ತಪ್ಪು. ದಂಡ ಇಲ್ಲ ಅಷ್ಟೇ. ತೋರಿಸಲೇಬೇಕು, ಹದಿನೆಂಟು ಡಾಲರ್ ಆದರೂ ತೋರಿಸಬೇಕು.

ಸರಿ, ಭಾನುವಾರ ನಮ್ಮ ಮನೆಯಲ್ಲಿ ಕೂತ್ವಿ. ಕಳೆದ ವರ್ಷದ್ದನ್ನ ಡಿಸೆಂಬರ್‌ನಲ್ಲೇ ಓಡೋಡಿ ತಿದ್ದಿದ್ದಾಯ್ತು. ಈಗ ಈ ವರ್ಷದ್ದು. ಮೊದಲ ಪಾಠ — ಐಟಿಆರ್-1 ಆಗಲ್ಲ. ವಿದೇಶಿ ಆಸ್ತಿ ಇದ್ದವರು ಐಟಿಆರ್-2, ವ್ಯಾಪಾರ-ವೃತ್ತಿ ಆದಾಯ ಇದ್ದರೆ ಐಟಿಆರ್-3. ಆ ಹತ್ತು ನಿಮಿಷದ ಕಥೆ ಅಲ್ಲಿಗೇ ಮುಗೀತು.

ಆಮೇಲೆ ಷೇರು ಮಾರಿದ್ದು. ಹುಡುಗ 2025ರ ಫೆಬ್ರವರಿಯಲ್ಲಿ ನೂರು ಷೇರು ಮಾರಿದ್ದ, ತಂಗಿ ಮದುವೆಗೆ ಅಂತ. ಅವು ಅವನ ಖಾತೆಗೆ ಬಂದಿದ್ದು 2023ರ ಡಿಸೆಂಬರ್‌ನಲ್ಲಿ. ನಿಮಗೆ ಲೆಕ್ಕ ಸುಲಭವಾಗಲಿ ಅಂತ ಅಂಕಿ ಸ್ವಲ್ಪ ದುಂಡಗೆ ಮಾಡಿ ಹೇಳ್ತೀನಿ. ಬಂದಾಗ ಷೇರಿಗೆ 50 ಡಾಲರ್, ಡಾಲರ್‌ಗೆ 83 ರೂಪಾಯಿ. ನೂರು ಷೇರಿಗೆ 4 ಲಕ್ಷದ 15 ಸಾವಿರ. ಇಷ್ಟಕ್ಕೂ ಆಗಲೇ ಸಂಬಳದಲ್ಲಿ ತೆರಿಗೆ ಕಟ್ಟಿಯಾಗಿದೆ. ಮಾರಿದ್ದು 60 ಡಾಲರ್‌ಗೆ, ಡಾಲರ್‌ಗೆ 86 ರೂಪಾಯಿ ದರದಲ್ಲಿ. 5 ಲಕ್ಷದ 16 ಸಾವಿರ. ಲಾಭ 1 ಲಕ್ಷದ 1 ಸಾವಿರ.

ಈಗ ಸಾಫ್ಟ್‌ವೇರ್ ಕೇಳುತ್ತೆ: ಕೊಂಡ ಬೆಲೆ ಎಷ್ಟು? ಹುಡುಗ ಹೇಳ್ತಾನೆ, ‘ನಾನೆಲ್ಲಿ ಕೊಂಡೆ? ಕಂಪನಿ ಫ್ರೀಯಾಗಿ ಕೊಟ್ಟಿದ್ದು’. ಸೊನ್ನೆ ಹಾಕಿದ. ತಕ್ಷಣ ಪೂರ್ತಿ 5 ಲಕ್ಷದ 16 ಸಾವಿರವೂ ಲಾಭ ಅಂತಾಯ್ತು. ಅವನು 30 ಪರ್ಸೆಂಟ್ ಸ್ಲ್ಯಾಬ್‌ನಲ್ಲಿರೋನು. ತೆರಿಗೆ 1 ಲಕ್ಷದ 54 ಸಾವಿರದ 800. ಒಂದೇ ದುಡ್ಡಿಗೆ ಎರಡು ಸಲ ತೆರಿಗೆ! ಸಾಫ್ಟ್‌ವೇರ್ ‘ಅಯ್ಯೋ ಪಾಪ’ ಅಂತ ತಡೆಯಲ್ಲ. ನೀವು ಹಾಕಿದ್ದನ್ನ ನಿಷ್ಠೆಯಿಂದ ಗುಣಿಸುತ್ತೆ.

ಬೇಡ, ಅಳಿಸು ಅಂದ್ವಿ. ಮುಂದೆ ಇನ್ನೊಂದು ಕೋಷ್ಟಕ ಕಾಣ್ತು, ಲಿಸ್ಟೆಡ್ ಷೇರು ಅಂತ. ಅಮೆರಿಕದ ನಾಸ್ಡಾಕ್‌ನಲ್ಲಿ ಲಿಸ್ಟ್ ಆಗಿರೋ ಕಂಪನಿ ತಾನೇ, ಹುಡುಗ ಅಲ್ಲೇ ತುಂಬಿದ. ಈ ಸಲ ಕೊಂಡ ಬೆಲೆ ಸರಿಯಾಗಿ ಹಾಕಿದ್ದ. ಒಂದು ವರ್ಷ ದಾಟಿದೆ, ದೀರ್ಘಾವಧಿ ಲಾಭ, 1 ಲಕ್ಷದ 25 ಸಾವಿರದವರೆಗೆ ತೆರಿಗೆ ಇಲ್ಲ, ಕಟ್ಟಬೇಕಾದ್ದು ಸೊನ್ನೆ! ಹುಡುಗನ ಮುಖ ಅರಳಿತು. ನಮ್ಮ ಲೆಕ್ಕಪರಿಶೋಧಕರು ಕಾಫಿ ಲೋಟ ಕೆಳಗಿಟ್ಟರು. ಆ ಕೋಷ್ಟಕ ಭಾರತದ ಷೇರುಪೇಟೆಯಲ್ಲಿ ವಹಿವಾಟು ತೆರಿಗೆ ಕೊಟ್ಟು ಮಾರಿದ ಷೇರಿಗೆ. ನಾಸ್ಡಾಕ್ ಷೇರು ನಮ್ಮ ಕಾನೂನಿನ ಕಣ್ಣಲ್ಲಿ ಲಿಸ್ಟ್ ಆಗದ ಷೇರು. ಅದು ದೀರ್ಘಾವಧಿ ಆಗ್ಬೇಕಾದರೆ ಹನ್ನೆರಡು ತಿಂಗಳು ಸಾಲದು, ಇಪ್ಪತ್ನಾಲ್ಕು ತಿಂಗಳು ದಾಟಬೇಕು. ಹದಿನಾಲ್ಕೇ ತಿಂಗಳಲ್ಲಿ ಮಾರಿದ್ದಕ್ಕೆ ಅಲ್ಪಾವಧಿ. ಸ್ಲ್ಯಾಬ್ ಪ್ರಕಾರ ತೆರಿಗೆ: 30 ಸಾವಿರದ 300, ಮೇಲೆ ಸೆಸ್.

ನೋಡಿ ವೀಕ್ಷಕರೇ. ಒಂದೇ ಹುಡುಗ, ಒಂದೇ ಷೇರು, ಒಂದೇ ಲ್ಯಾಪ್‌ಟಾಪು. ಒಂದು ಕಡೆ ಒತ್ತಿದರೆ ಒಂದೂವರೆ ಲಕ್ಷ, ಇನ್ನೊಂದು ಕಡೆ ಒತ್ತಿದರೆ ಸೊನ್ನೆ, ಸರಿಯಾದ ಕಡೆ ಒತ್ತಿದರೆ ಮೂವತ್ತು ಸಾವಿರ. ಸಾಫ್ಟ್‌ವೇರ್ ಮೂರಕ್ಕೂ ಹಸಿರು ಟಿಕ್ ಕೊಡ್ತು.

ಇಷ್ಟಕ್ಕೇ ಮುಗೀತಾ? ಇಲ್ಲ. ಷೇರು ಮಾರಿದ ಲೆಕ್ಕ ಒಂದು ಕಡೆ, ಷೇರು ಇದೆ ಅಂತ ತೋರಿಸೋ ಲೆಕ್ಕ ಇನ್ನೊಂದು ಕಡೆ. ಆ ಎರಡನೇದರ ಹೆಸರು ಶೆಡ್ಯೂಲ್ ಎಫ್‌ಎ. ಇಲ್ಲಿ ಕಾಲವೇ ಬೇರೆ. ಲಾಭದ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್. ಎಫ್‌ಎ ಲೆಕ್ಕ ಜನವರಿಯಿಂದ ಡಿಸೆಂಬರ್, ವಿದೇಶಗಳ ಕ್ಯಾಲೆಂಡರ್ ಪ್ರಕಾರ. 2025ರಲ್ಲಿ ಸಲ್ಲಿಸಿದ ರಿಟರ್ನ್ಸ್‌ಗೆ 2024ರ ಡಿಸೆಂಬರ್ 31ಕ್ಕೆ ಮುಗಿದ ವರ್ಷ. ಹಾಗಾಗಿ ಹುಡುಗ ಫೆಬ್ರವರಿಯಲ್ಲಿ ಮಾರಿದ ಆ ನೂರು ಷೇರು, ಲಾಭದ ಪಟ್ಟಿಯಲ್ಲಿ ‘ಮಾರಿದ್ದೇನೆ’ ಅಂತ ಇರಬೇಕು, ಅದೇ ರಿಟರ್ನ್ಸ್‌ನ ಎಫ್‌ಎ ಪಟ್ಟಿಯಲ್ಲಿ ‘ಇನ್ನೂ ನನ್ನ ಹತ್ರ ಇದೆ’ ಅಂತ ಇರಬೇಕು. ಎರಡೂ ಸತ್ಯ. ‘ಮಾವ, ಇದನ್ನ ಓದಿದವನು ನನ್ನ ಸುಳ್ಳುಗಾರ ಅಂತಾನೆ’ ಅಂದ ಹುಡುಗ. ಇಲ್ಲಪ್ಪ, ಹೀಗೆ ಬರೆಯದಿದ್ದರೇನೇ ಸುಳ್ಳುಗಾರ.

ಆ ಪಟ್ಟಿ ಇನ್ನೇನು ಕೇಳುತ್ತೆ? ದೇಶ, ದೇಶದ ಕೋಡ್ (ಅಮೆರಿಕಕ್ಕೆ 2), ಕಂಪನಿ ವಿಳಾಸ, ಅಲ್ಲಿಯ ಪಿನ್ ಕೋಡು, ಷೇರು ಬಂದ ದಿನ, ಬಂದ ದಿನದ ಮೌಲ್ಯ, ವರ್ಷದಲ್ಲಿ ಅತಿ ಹೆಚ್ಚು ಮುಟ್ಟಿದ ಮೌಲ್ಯ, ವರ್ಷದ ಕೊನೆಯ ಮೌಲ್ಯ, ಬಂದ ಡಿವಿಡೆಂಡ್, ಮಾರಿದ್ದರೆ ಬಂದ ಹಣ. ಮೂರು ತಿಂಗಳಿಗೊಮ್ಮೆ ಷೇರು ಬರೋದ್ರಿಂದ ಪ್ರತಿ ಸಲ ಬಂದಿದ್ದಕ್ಕೂ ಬೇರೆ ಬೇರೆ ಸಾಲು. ಬ್ರೋಕರ್ ಖಾತೆಗೆ ಬೇರೆ ಕೋಷ್ಟಕ. ಅಲ್ಲಿ ಬ್ಯಾಂಕ್ ಖಾತೆ ಇದ್ದರೆ ಅದಕ್ಕೆ ಇನ್ನೊಂದು. ಹಿಂದೆ ಅಮೆರಿಕದಲ್ಲಿ ಕೆಲಸ ಮಾಡಿ ವಾಪಸ್ ಬಂದು ಪೂರ್ಣ ಪ್ರಮಾಣದ ನಿವಾಸಿ ಆದವರಿಗೆ ಅಲ್ಲಿ ಉಳಿದಿರೋ 401(ಕೆ) ನಿವೃತ್ತಿ ಖಾತೆಯೂ ಸೇರುತ್ತೆ. ಡಾಲರ್ ದರ? ಎಸ್‌ಬಿಐನ ಟಿಟಿ ಬೈಯಿಂಗ್ ರೇಟ್. ಎಫ್‌ಎಗೆ ಆಯಾ ದಿನದ ದರ, ಮಾರಾಟದ ಲಾಭಕ್ಕೆ ಮಾರಿದ ತಿಂಗಳ ಹಿಂದಿನ ತಿಂಗಳ ಕೊನೇ ದಿನದ ದರ. ಹಳೆಯ ದಿನದ ದರ ಹುಡುಕೋದೇ ಒಂದು ಅರ್ಧ ದಿನದ ಕೆಲಸ. ಮಧ್ಯಾಹ್ನ ಊಟಕ್ಕೆ ಕರೆದರೆ ಮೂರು ಜನನೂ ಏಳಲಿಲ್ಲ ಅಂತ ನಮ್ಮನೆಯವರು ಇನ್ನೂ ಬೈತಿದ್ದಾರೆ.

ಇದೆಲ್ಲ ಐಟಿ-ಬಿಟಿಯವರ ತಲೆನೋವು, ನಮಗ್ಯಾಕೆ ಅಂತೀರಾ? ಮಗಳು ಆಸ್ಟ್ರೇಲಿಯಾದಲ್ಲಿ ಓದುವಾಗ ಅಲ್ಲಿನ ಖಾತೆಗೆ ನಿಮ್ಮ ಹೆಸರೂ ಸೇರಿಸಿದ್ರಾ? ಮೊಬೈಲ್ ಆ್ಯಪ್‌ನಲ್ಲಿ ಸಾವಿರ ರೂಪಾಯಿಗೆ ಅಮೆರಿಕದ ಷೇರಿನ ಚೂರು ಕೊಂಡ್ರಾ? ನೀವೂ ಇದೇ ಸಾಲಿನಲ್ಲಿದ್ದೀರಿ. ಆದಾಯ ತೆರಿಗೆ ಮಿತಿಗಿಂತ ಕಡಿಮೆ ಇದ್ದರೂ ಸರಿ, ವಿದೇಶಿ ಆಸ್ತಿ ಇರೋ ನಿವಾಸಿ ರಿಟರ್ನ್ಸ್ ಸಲ್ಲಿಸಬೇಕು.

ನಮ್ಮ ಕಾರ್ಯಕ್ರಮ ಯೂಟ್ಯೂಬ್‌ನಲ್ಲಿ ನೋಡೋ ಅಮೆರಿಕದ ಕನ್ನಡಿಗರಿಗೂ ಎರಡು ಮಾತು, ಯಾಕಂದ್ರೆ ಅಲ್ಲಿ ಕಥೆ ಉಲ್ಟಾ. ಅಲ್ಲಿ ತೆರಿಗೆ ಕಟ್ಟೋ ನಿವಾಸಿಗೆ ಜಯನಗರದ ಬ್ಯಾಂಕೇ ವಿದೇಶಿ ಬ್ಯಾಂಕು. ಮೈಸೂರಿನ ಅಪ್ಪ ತಮ್ಮ ಫಿಕ್ಸೆಡ್ ಡೆಪಾಸಿಟ್‌ಗೆ ಮಗನ ಹೆಸರನ್ನ ಜಂಟಿಯಾಗಿ ಸೇರಿಸಿರ್ತಾರೆ, ನಾಳೆ ತೊಂದರೆ ಆಗದಿರಲಿ ಅಂತ. ಮಗನ ಎಲ್ಲ ಭಾರತೀಯ ಖಾತೆ ಸೇರಿ ವರ್ಷದ ಯಾವುದಾದರೂ ಒಂದು ದಿನ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಅನ್ನೋ ವರದಿ ಕೊಡಬೇಕು. ಅಪ್ಪನ ದುಡ್ಡೂ ಲೆಕ್ಕಕ್ಕೆ ಸೇರುತ್ತೆ. ಸಾಫ್ಟ್‌ವೇರ್ ತೆರಿಗೆ ರಿಟರ್ನ್ಸ್ ಕಳಿಸಿಬಿಟ್ಟಿತು ಅಂದ ಮಾತ್ರಕ್ಕೆ ಈ ವರದಿ ಹೋಯಿತು ಅಂತ ಅಲ್ಲ. ಇದು ಹೋಗೋದು ಐಆರ್‌ಎಸ್ ರಿಟರ್ನ್ಸ್ ಜೊತೆಗಲ್ಲ, ಫಿನ್‌ಸೆನ್ ಅನ್ನೋ ಬೇರೆ ಸಂಸ್ಥೆಯ ಪೋರ್ಟಲ್‌ಗೆ. ರೊಮೇನಿಯಾ ಮೂಲದ ಬಿಟ್ನರ್ ಅನ್ನೋರ ಮೇಲೆ 272 ಖಾತೆ-ವರದಿಗಳಿಗೆ ತಲಾ 10,000 ಡಾಲರ್‌ನಂತೆ 27 ಲಕ್ಷ ಡಾಲರ್‌ಗೂ ಹೆಚ್ಚು ದಂಡ ಹಾಕಿದ್ದರು. 2023ರ ಫೆಬ್ರವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಲ್ಲಿ ಹೇಳ್ತು: ಬೇಕಂತ ಮಾಡದ ತಪ್ಪಿಗೆ ದಂಡ ಖಾತೆಗೊಂದಲ್ಲ, ವರ್ಷದ ವರದಿಗೊಂದು. ಐದು ವರ್ಷಕ್ಕೆ 50,000 ಡಾಲರ್‌ಗೆ ಇಳೀತು. ಅಲ್ಲಿ ಕನಿಷ್ಠ ಆ ಒಂದು ವಿಷಯಕ್ಕೆ ಕೊನೇ ಮಾತು ಸಿಕ್ಕಿತು.

ಈಗ ನನ್ನ ನಿಜವಾದ ಪ್ರಶ್ನೆಗೆ ಬರ್ತೀನಿ. ಇಲಾಖೆಗೆ ಹುಡುಗನ ಷೇರಿನ ಬಗ್ಗೆ ಗೊತ್ತಾಗಿದ್ದು ಹೇಗೆ? ಅಮೆರಿಕದ ಜೊತೆ 2015ರಲ್ಲೇ ಮಾಹಿತಿ ಹಂಚಿಕೊಳ್ಳೋ ಒಪ್ಪಂದ ಆಗಿದೆ. ಬೇರೆ 100ಕ್ಕೂ ಹೆಚ್ಚು ದೇಶಗಳು ಸಿಆರ್‌ಎಸ್ ಅನ್ನೋ ವ್ಯವಸ್ಥೆಯಲ್ಲಿ ಪರಸ್ಪರ ಖಾತೆ ವಿವರ ಕೊಡ್ತಿವೆ. ಆ ಮಾಹಿತಿ ಇಟ್ಟುಕೊಂಡೇ 2024ರ ನವೆಂಬರ್‌ನಲ್ಲಿ ಮೆಸೇಜ್ ಕಳಿಸಿದ್ದು. ಪರಿಣಾಮ? 24,678 ಮಂದಿ ತಮ್ಮ ರಿಟರ್ನ್ಸ್ ಮತ್ತೆ ತೆಗೆದು ನೋಡಿದ್ರು, 5,483 ಮಂದಿ ತಡವಾಗಿ ಸಲ್ಲಿಸಿದ್ರು. ಹೊರಬಂದ ವಿದೇಶಿ ಆಸ್ತಿ 29,208 ಕೋಟಿ. ಹೆಚ್ಚುವರಿ ವಿದೇಶಿ ಆದಾಯ 1,089 ಕೋಟಿ. ನೋಟಿಸ್ ಇಲ್ಲ, ರೇಡ್ ಇಲ್ಲ, ಒಂದು ಮೆಸೇಜ್‌ಗೆ ಇಷ್ಟು. ಇದನ್ನ ಮೆಚ್ಚಬೇಕು, ಮೆಚ್ಚುತ್ತೀನಿ.

ಆದರೆ ಅಲ್ಲಾ ಸ್ವಾಮಿ, ನನ್ನ ಉಳಿತಾಯ ಖಾತೆಗೆ ಬಂದ ಬಡ್ಡಿ, ನಾನು ಮಾರಿದ ಮ್ಯೂಚುವಲ್ ಫಂಡು, ಎಲ್ಲವನ್ನೂ ಪೋರ್ಟಲ್‌ನಲ್ಲಿ ಮೊದಲೇ ತುಂಬಿಸಿ ತೋರಿಸ್ತೀರಿ. ವಿದೇಶಿ ಖಾತೆ ಮಾಹಿತಿಯೂ ನಿಮ್ಮ ಹತ್ರ ಇದೆ. ಅದನ್ನ ಶೆಡ್ಯೂಲ್ ಎಫ್‌ಎಯಲ್ಲಿ ತುಂಬಿಸಿ ‘ಇದು ಸರಿನಾ, ನೋಡಿ’ ಅಂತ ಕೇಳೋಕೆ ಏನು ಅಡ್ಡಿ? 10 ಲಕ್ಷ ದಂಡ ಇರೋ ಕೋಷ್ಟಕವನ್ನೇ ಖಾಲಿ ಬಿಟ್ಟು, 200 ರೂಪಾಯಿ ಬಡ್ಡಿಯನ್ನ ಹುಡುಕಿ ತುಂಬಿಸಿಕೊಡೋದು ಯಾವ ಸೀಮೆ ನ್ಯಾಯ? ಆ್ಯಪ್ ಮಾಡೋರಿಗೂ ಇದೇ ಮಾತು. ‘ವಿದೇಶಿ ಆಸ್ತಿ ಇದೆಯಾ’ ಅಂತ ಕೇಳಬೇಡಿ. ‘ನಿಮ್ಮ ಕಂಪನಿ ನಿಮಗೆ ಷೇರು ಕೊಡುತ್ತಾ’ ಅಂತ ಕೇಳಿ. ಹುಡುಗ ‘ಹೌದು’ ಅಂತಾನೆ.

ಇನ್ನೊಂದು ವಿಚಿತ್ರ ಕೇಳಿ. ಹುಡುಗನಿಗೆ ಮೊದಲ ಷೇರು ಬಂದಿದ್ದು 2021ರಲ್ಲಿ. ಕಳೆದ ವರ್ಷದ್ದು ತಿದ್ದಿದ, ಈ ವರ್ಷದ್ದು ತುಂಬಿದ. ಮಧ್ಯದ ಎರಡು ರಿಟರ್ನ್ಸ್ ಹಾಗೇ ಇವೆ. ಅದನ್ನ ತಿದ್ದೋ ಅವಧಿ ಮುಗಿದಿದೆ. ಉಳಿದಿರೋ ದಾರಿ ಅಪ್‌ಡೇಟೆಡ್ ರಿಟರ್ನ್ಸ್, 2025ರಿಂದ ಅದಕ್ಕೆ ನಾಲ್ಕು ವರ್ಷದವರೆಗೆ ಅವಕಾಶ ಇದೆ. ಆದರೆ ಹೆಚ್ಚುವರಿ ತೆರಿಗೆ ಕಟ್ಟೋದಿದ್ದರೆ ಮಾತ್ರ ಆ ಬಾಗಿಲು ತೆರೆಯುತ್ತೆ. ಎಲ್ಲ ತೆರಿಗೆ ಕಟ್ಟಿ, ಬರೀ ಕೋಷ್ಟಕ ಮರೆತವನಿಗೆ 2025ರಲ್ಲಿ ಬಾಗಿಲು ಇರಲಿಲ್ಲ! ನಮ್ಮ ಹುಡುಗನ ಅದೃಷ್ಟ, ಆ ವರ್ಷಗಳಲ್ಲಿ ಕೆಲವು ಡಾಲರ್ ಡಿವಿಡೆಂಡ್ ಬಂದಿತ್ತು, ಅಮೆರಿಕದಲ್ಲಿ 25 ಪರ್ಸೆಂಟ್ ಹಿಡಿದುಕೊಂಡು ಕೊಟ್ಟಿದ್ದರು, ಇವನು ಇಲ್ಲಿ ತೋರಿಸೋದು ಮರೆತಿದ್ದ. ಆ ತಪ್ಪೇ ಈಗ ಅವನಿಗೆ ದಾರಿ. ಒಂದು ತಪ್ಪು ಮಾಡಿದವನು ಸಿಕ್ಕಿಹಾಕಿಕೊಂಡ, ಎರಡು ತಪ್ಪು ಮಾಡಿದವನು ಬಾಗಿಲು ತಟ್ಟಬಹುದು. ಅದೂ ಅಷ್ಟೇ. ಹೀಗೆ ತಿದ್ದಿದರೆ ದಂಡದಿಂದ ಪೂರ್ತಿ ಪಾರು ಅಂತ ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ.

ದೆಹಲಿಯಲ್ಲಿ ನಮ್ಮ ರಾಜ್ಯದ ಲೋಕಸಭಾ ಸದಸ್ಯರೇ ಇಪ್ಪತ್ತೆಂಟು ಜನ ಇದ್ದಾರೆ. ಷೇರು ಪಡೆಯೋ ಉದ್ಯೋಗಿಗಳು ಈ ಊರಿನಷ್ಟು ಬೇರೆ ಎಲ್ಲಿ ಸಿಗ್ತಾರೆ? ಒಬ್ಬರಾದರೂ ಈ ಒಂದು ಬಾಗಿಲಿನ ಬಗ್ಗೆ ಸದನದಲ್ಲಿ ಬಾಯಿ ಬಿಡಬಹುದು.

ಹುಡುಗ ಭಾನುವಾರ ರಾತ್ರಿ ಒಂಬತ್ತೂವರೆಗೆ ಸಬ್ಮಿಟ್ ಒತ್ತಿದ. ಒತ್ತೋ ಮೊದಲು ಆ ಪ್ರಶ್ನೆ ಹತ್ರ ವಾಪಸ್ ಹೋಗಿ, ‘ಹೌದು’ ಅಂತ ಇದೆಯಾ ಅಂತ ಮೂರು ಸಲ ನೋಡಿದ. ಹಳೆಯ ಎರಡು ವರ್ಷದ ಕಾಗದ ಈ ವಾರ ಲೆಕ್ಕಪರಿಶೋಧಕರ ಕಚೇರಿಗೆ ಹೋಗುತ್ತೆ. ಇಲಾಖೆ ಏನು ಹೇಳುತ್ತೆ ಅಂತ ಗೊತ್ತಾದ ದಿನ ಇದೇ ಹೊತ್ತಿಗೆ ನಿಮಗೂ ಹೇಳ್ತೀನಿ.

ಚಿಕ್ಕ ವಿರಾಮ. ಆಮೇಲೆ ಮಲೆನಾಡಿನ ಮಳೆ ವರದಿ ಇದೆ.